ಬಿಸಿಲಲ್ಲೇ ಏರುವ ಹೊಳೆ

ಹುಲಿಗಿಯ ದಂಡೆಯಿಂದ ತುಂಗಭದ್ರೆಯ ಪ್ರವಾಹ, ಹೂಳು, ಮರಳು, ಉಪ್ಪುಗಳ ಒಂದು ಲೆಕ್ಕ

ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಜುಲೈ ತಿಂಗಳಲ್ಲೂ ಯಲಬುರ್ಗಾ, ಕುಷ್ಟಗಿ ಕಡೆಯ ರೈತರು ಮುಗಿಲು ನೋಡುತ್ತ ಕೂತಿರುತ್ತಾರೆ. ಅದೇ ಹೊತ್ತಿಗೆ, ನೆತ್ತಿ ಸುಡುವ ಬಿಸಿಲಿನಲ್ಲೇ, ಹುಲಿಗಿಯ ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ನೀರಿನಡಿ ಹೋಗುತ್ತವೆ. ‘ಹೊಳಿ ಬಂತು’ ಅನ್ನುತ್ತಾರೆ ಊರವರು. ಊರಲ್ಲಿ ಒಂದು ಹನಿ ಬಿದ್ದಿರುವುದಿಲ್ಲ.

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂದರೆ ಹುಲಿಗೆಮ್ಮನ ದರ್ಶನಕ್ಕೆ ಉತ್ತರ ಕರ್ನಾಟಕದ ಎಲ್ಲ ದಿಕ್ಕಿನಿಂದ ಜನ ಬರುತ್ತಾರೆ. ಮುನಿರಾಬಾದ್ ನಿಲ್ದಾಣದಲ್ಲಿ ರೈಲಿಳಿದವರು, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರು, ಬುತ್ತಿ ಗಂಟು ಹೊತ್ತವರು ಮೊದಲು ಹೋಗುವುದು ಹೊಳೆಗೆ. ಸ್ನಾನ ಮುಗಿಸಿ, ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಾರೆ. ಅವರು ಮುಳುಗಿ ಏಳುವ ನೀರು ಹಲವು ಜಿಲ್ಲೆ ದಾಟಿ, ಒಂದು ದೊಡ್ಡ ಅಣೆಕಟ್ಟಿನ ಗೇಟು ಹಾದು ಬಂದಿರುತ್ತದೆ. ಆ ನೀರು ಯಾವಾಗ ಏರುತ್ತದೆ, ಎಷ್ಟು ಏರುತ್ತದೆ, ಜೊತೆಗೆ ಏನನ್ನು ತರುತ್ತದೆ, ಏನನ್ನು ಹಿಂದೆ ಬಿಟ್ಟು ಬರುತ್ತದೆ ಎಂಬುದನ್ನು ಅಳೆಯುವವರು ಇದ್ದಾರೆ. ಎಪ್ಪತ್ತು ವರ್ಷಗಳಿಂದ ಅಳೆಯುತ್ತಲೇ ಇದ್ದಾರೆ. ಆ ಅಳತೆಗಳನ್ನು ಒಟ್ಟಿಗೆ ಇಟ್ಟು ಓದಿದರೆ ಈ ದಂಡೆಯ ಬದುಕು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ಮಳೆ ಅಲ್ಲಿ, ನೆರೆ ಇಲ್ಲಿ

ತುಂಗೆ, ಭದ್ರೆ ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಸೇರಿ ಒಂದಾಗುತ್ತವೆ. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ದೊಡ್ಡ ಜಲಾಶಯವಿದೆ. ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಅಣೆಕಟ್ಟು ಹಿಡಿಯುವುದು ಮೂರು ಟಿಎಂಸಿ ಚಿಲ್ಲರೆ ಮಾತ್ರ. ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದರೆ ಆ ನೀರನ್ನು ತಡೆಯುವವರಿಲ್ಲ, ನೇರ ಕೆಳಗೆ ಬರುತ್ತದೆ. ದಾರಿಯಲ್ಲಿ ಕುಮುದ್ವತಿ, ವರದಾ ಸೇರುತ್ತವೆ. ಹೀಗೆ 28 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ ಸೀಮೆಯಲ್ಲಿ ಬಿದ್ದ ಮಳೆ ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟಿನ ಒಂದೇ ಗೋಡೆಗೆ ಬಂದು ಒರಗುತ್ತದೆ.

ದಾರಿಯುದ್ದಕ್ಕೂ ಈ ನೀರನ್ನು ಕೇಂದ್ರ ಜಲ ಆಯೋಗ ಅಳೆಯುತ್ತದೆ. ಶಿವಮೊಗ್ಗ, ಹೊನ್ನಾಳಿ, ಹರಳಹಳ್ಳಿ, ವರದೆಯ ಮೇಲಿನ ಮರೋಳ, ಅಣೆಕಟ್ಟಿನ ಕೆಳಗೆ ನಮ್ಮ ಜಿಲ್ಲೆಯದೇ ಆದ ಉಳೇನೂರು, ಅದರಾಚೆ ಮಂತ್ರಾಲಯ, ಹೀಗೆ ಅಳತೆ ಕೇಂದ್ರಗಳ ಸಾಲೇ ಇದೆ. ಹೊಳೆಯ ಅಡ್ಡಕೊಯ್ತದ ಆಳ, ಅಗಲ, ನೀರಿನ ವೇಗ ಗೊತ್ತಾದರೆ ಹರಿವು ಗೊತ್ತಾಗುತ್ತದೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್, ಅಂದರೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಲಕ್ಷ ಕ್ಯೂಸೆಕ್ ಅಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರು. ಅದು ಒಂದು ಹಗಲು ಒಂದು ರಾತ್ರಿ ಹರಿದರೆ ಎಂಟೂವರೆ ಟಿಎಂಸಿಗೂ ಮಿಕ್ಕಿ ನೀರು ಹೋದಂತೆ.

ಹೊರಹರಿವು ಲಕ್ಷ ದಾಟಿ ಏರತೊಡಗಿದರೆ ಹುಲಿಗಿಯ ಘಟ್ಟ, ಹಂಪಿಯ ಪುರಂದರ ಮಂಟಪ, ಆನೆಗೊಂದಿಯ ನವವೃಂದಾವನ, ಕಂಪ್ಲಿಯ ಸೇತುವೆ ನೀರಿಗೆ ಸಿಲುಕುತ್ತವೆ. 2019ರ ಆಗಸ್ಟ್‌ನಲ್ಲಿ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದು, ಹೆಲಿಕಾಪ್ಟರ್ ತರಿಸಬೇಕಾಯಿತು. ನೀರು ಬಿಡುವ ಮುಂಚೆ ತುಂಗಭದ್ರಾ ಮಂಡಳಿ ಎಚ್ಚರಿಕೆ ಕೊಡುತ್ತದೆ, ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. ಊರವರಿಗೆ ಅದು ಸಾಕು. ಇಳಕಲ್ಲಿನಿಂದಲೋ ಸಿಂಧನೂರಿನಿಂದಲೋ ಬೆಳಿಗ್ಗೆ ಬಂದಿಳಿದ ಭಕ್ತರಿಗೆ ನಿನ್ನೆ ರಾತ್ರಿಯ ಡಂಗುರ ಕೇಳಿಸಿರುವುದಿಲ್ಲ. ಎಷ್ಟು ಕ್ಯೂಸೆಕ್ ಎಂಬ ಅಂಕಿಯಿಂದ ಯಾವ ಮೆಟ್ಟಿಲು ಮುಳುಗುತ್ತದೆ ಎಂಬುದೂ ಅವರಿಗೆ ತಿಳಿಯುವುದಿಲ್ಲ.

ಒಂದು ಕೊಂಡಿ ಕಳಚಿದ ರಾತ್ರಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಯಿತು. ಜಲಾಶಯ ತುಂಬಿ ತುಳುಕುತ್ತಿತ್ತು, ಸುಮಾರು 105 ಟಿಎಂಸಿ ನೀರಿತ್ತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಕೊಚ್ಚಿಹೋಗಿ, ಆ ಒಂದೇ ಬಾಗಿಲಿನಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು. ದಿನಕ್ಕೆ ಮೂರು ಟಿಎಂಸಿ! ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಲು ಅವುಗಳನ್ನೂ ಎತ್ತಬೇಕಾಯಿತು. ಕೊಪ್ಪಳ, ರಾಯಚೂರು, ವಿಜಯನಗರ, ಬಳ್ಳಾರಿ ಜಿಲ್ಲೆಗಳ ರೈತರು ತಮ್ಮ ಬೆಳೆಯ ನೀರು ಕಣ್ಣೆದುರೇ ಹರಿದು ಹೋಗುವುದನ್ನು ನೋಡಿದರು.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಬಾಗಿಲು ಮುಚ್ಚಲಾಯಿತು. ಸ್ಟಾಪ್‌ಲಾಗ್ ಎನ್ನುವ ಈ ಹಲಗೆಗಳನ್ನು ತುರ್ತಿನಲ್ಲಿ ಇಳಿಸುವ ಸಿದ್ಧ ವ್ಯವಸ್ಥೆ ಇಷ್ಟು ಹಳೆಯ ಅಣೆಕಟ್ಟಿಗೆ ಇರಲಿಲ್ಲ. ಆ ವರ್ಷ ಮತ್ತೆ ಮಳೆ ಕೈಹಿಡಿದು ಜಲಾಶಯ ತುಂಬಿತು. ಆದರೆ 2025ರಲ್ಲಿ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು.

ಆ ರಾತ್ರಿ ಘಟ್ಟದಲ್ಲಿ ಮೇಘಸ್ಫೋಟವಾಗಿರಲಿಲ್ಲ. ಏಳು ದಶಕ ನೀರಿನಲ್ಲಿ, ಬಿಸಿಲಿನಲ್ಲಿ, ತುಕ್ಕಿನಲ್ಲಿ ಸವೆದ ಒಂದು ಕೊಂಡಿ ಅಷ್ಟು ದೊಡ್ಡ ಅಪಾಯ ತಂದಿತು. ಪ್ರಕೃತಿ ವಿಕೋಪ ಎಂಬ ಮಾತನ್ನು ಈ ಹೊಳೆಯ ದಂಡೆಯಲ್ಲಿ ನಿಂತು ಆಡುವಾಗ ಎಚ್ಚರ ಬೇಕು. ಮಳೆ ಪ್ರಕೃತಿಯದು, ನಿಜ. ನೀರು ಯಾವ ಗಳಿಗೆಯಲ್ಲಿ, ಯಾವ ವೇಗದಲ್ಲಿ ಹುಲಿಗಿಗೆ ಬರಬೇಕೆಂಬುದು ಮನುಷ್ಯರ ಕೈಯಲ್ಲಿದೆ. ಹೀಗಿರುವಾಗ ಅದನ್ನು ಅಳೆಯುವುದು, ಅಳೆದದ್ದನ್ನು ದಂಡೆಯ ಜನರಿಗೆ ತಿಳಿಸುವುದೂ ಮನುಷ್ಯರದೇ ಹೊಣೆ.

ನೀರಿನಡಿಯ ಗುಡ್ಡ

ಪ್ರವಾಹ ಕಣ್ಣಿಗೆ ಕಾಣುತ್ತದೆ. ಹೂಳು ಕಾಣುವುದಿಲ್ಲ. ಅದನ್ನು ಅಳೆಯುವ ಕ್ರಮ ಸರಳವೂ ಹೌದು, ಶ್ರಮದ್ದೂ ಹೌದು. ಜಲಾಶಯದ ನಕ್ಷೆಯ ಮೇಲೆ ಈ ದಡದಿಂದ ಆ ದಡಕ್ಕೆ ಗೆರೆಗಳನ್ನು ಎಳೆದುಕೊಳ್ಳುತ್ತಾರೆ. ದೋಣಿ ಆ ಗೆರೆ ಬಿಡದೆ ಸಾಗುತ್ತದೆ. ದೋಣಿಯ ತಳದಲ್ಲಿ ಕಟ್ಟಿದ ಸಾಧನ ಕೆಳಗೆ ಶಬ್ದದ ಅಲೆ ಬಿಡುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಅದು ತಳಕ್ಕೆ ಬಡಿದು ಮರಳಲು ಹಿಡಿದ ಸಮಯದಿಂದ ಆಳ ಸಿಗುತ್ತದೆ. ದೋಣಿ ಎಲ್ಲಿದೆ ಎಂಬುದನ್ನು ಜಿಪಿಎಸ್ ಹೇಳುತ್ತದೆ. ಹೀಗೆ ಲಕ್ಷಾಂತರ ಬಿಂದುಗಳನ್ನು ಕೂಡಿಸಿದಾಗ ನೀರಿನಡಿಯ ನೆಲದ ಏರುತಗ್ಗು ಕಾಗದದ ಮೇಲೆ ಮೂಡುತ್ತದೆ. ಹಳೆಯ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಹೋಲಿಸಿದರೆ ನಡುವೆ ಎಷ್ಟು ಮಣ್ಣು ಕೂತಿದೆ ಎಂಬುದು ತಿಳಿಯುತ್ತದೆ.

1953ರಲ್ಲಿ ನೀರು ನಿಲ್ಲಿಸಿದಾಗ ಈ ಜಲಾಶಯದ ಸಾಮರ್ಥ್ಯ 132.47 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದು 100.855 ಎಂದು ಬಂತು. 2016ರ ಸಮೀಕ್ಷೆಯ ಪ್ರಕಾರ 105.788. ಎಂಟು ವರ್ಷದಲ್ಲಿ ಐದು ಟಿಎಂಸಿ ಹೂಳು ತಾನಾಗಿ ಎದ್ದು ಹೋಗುವುದಿಲ್ಲ. ಅಳೆಯುವ ವಿಧಾನ ಬದಲಾದರೆ ಅಂಕಿ ಬದಲಾಗುತ್ತದೆ. ಐದು ಟಿಎಂಸಿ ಎಂದರೆ ಸಣ್ಣ ಮಾತಲ್ಲ, ಗಾಜನೂರಿನ ಅಣೆಕಟ್ಟು ಹಿಡಿಯುವುದಕ್ಕಿಂತ ಹೆಚ್ಚು. ಮೂರು ರಾಜ್ಯಗಳು ಹಂಚಿಕೊಳ್ಳುವ ನೀರಿನಲ್ಲಿ ಅಳತೆಯ ಶಿಸ್ತು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊನೆಯ ಅಂಕಿಯನ್ನೇ ಹಿಡಿದರೂ ಸುಮಾರು 27 ಟಿಎಂಸಿ ಜಾಗವನ್ನು ಮಣ್ಣು ತಿಂದಿದೆ, ಮೂಲ ಸಾಮರ್ಥ್ಯದ ಐದನೇ ಒಂದು ಪಾಲು. ಘನ ಮೀಟರ್ ಲೆಕ್ಕದಲ್ಲಿ 75 ಕೋಟಿ. ‘ಹೂಳೆತ್ತಿ’ ಎಂಬ ಕೂಗು ಪ್ರತಿ ಬೇಸಿಗೆಯಲ್ಲೂ ಏಳುತ್ತದೆ. 2017ರಲ್ಲಿ ಜಲಾಶಯ ಬತ್ತಿದಾಗ ರೈತರೇ ‘ಹೂಳಿನ ಜಾತ್ರೆ’ ಮಾಡಿ, ಟ್ರ್ಯಾಕ್ಟರ್ ಹೂಡಿ ಮಣ್ಣು ತೆಗೆದರು. ಆ ಕಳಕಳಿ ದೊಡ್ಡದು. ಆದರೆ ಲೆಕ್ಕವನ್ನೂ ನೋಡಬೇಕು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರುಗಳಿಂದ ದಿನಕ್ಕೆ ಸಾವಿರ ಲೋಡು ತೆಗೆದರೂ, ಒಂದು ದಿನ ಬಿಡದೆ ತೆಗೆದರೂ, ಇಷ್ಟು ಮಣ್ಣು ಖಾಲಿಯಾಗಲು ಇನ್ನೂರು ವರ್ಷ ಬೇಕು. ಅಷ್ಟರಲ್ಲಿ ಹೊಸ ಹೂಳು ಬರುವುದು ನಿಲ್ಲುವುದಿಲ್ಲ. ಕನಕಗಿರಿ ತಾಲ್ಲೂಕಿನ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಹುಟ್ಟಿದ್ದು ಈ ಲೆಕ್ಕದಿಂದಲೇ. ಕಳೆದುಕೊಂಡ ಜಾಗವನ್ನು ಬೇರೆಡೆ ಹುಡುಕುವ ದಾರಿ ಅದು.

ಹೂಳು ಹುಟ್ಟುವಲ್ಲಿಗೆ ಹೋಗಿ ನೋಡಿದ ಸಂಶೋಧನೆಯೂ ನಮ್ಮ ನಾಡಿನಲ್ಲಿ ನಡೆದಿದೆ. ಭದ್ರೆಯ ತಲೆಯಲ್ಲಿ, ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ಇದ್ದ ಕಾಲದಲ್ಲಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಮಳೆಗಾಲದ ಹೊಳೆನೀರಿನಲ್ಲಿ ತೇಲಿ ಬರುವ ಮಣ್ಣನ್ನು ಅಳೆದರು. ಕಾಡಿನ ನಡುವಿನ ಚಿಕ್ಕ ಪ್ರದೇಶದ ಗಣಿ ತನ್ನ ವಿಸ್ತಾರಕ್ಕೆ ಎಷ್ಟೋ ಮೀರಿದ ಹೂಳನ್ನು ಹೊಳೆಗೆ ಸೇರಿಸುತ್ತಿರುವುದು ಅದರಲ್ಲಿ ಕಂಡುಬಂತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಇಡೀ ಜಲಾನಯನದಲ್ಲಿ ಎಲ್ಲಿ ನೆಲ ಹೆಚ್ಚು ಬಿಚ್ಚಿಕೊಂಡಿದೆಯೋ ಆ ಕೆಲವೇ ಜಾಗಗಳನ್ನು ಹುಡುಕಿ ಮುಚ್ಚಿದರೆ ಹೂಳಿನ ದೊಡ್ಡ ಪಾಲು ತಗ್ಗುತ್ತದೆ ಎಂಬುದು ಆ ಕೆಲಸ ಕಲಿಸುವ ಪಾಠ.

ಹೊಳೆ ಸೇರುವ ಹಳ್ಳವನ್ನು ನೋಡಿಕೊಳ್ಳುವುದು ಕೊಪ್ಪಳದ ಜನಕ್ಕೆ ಹೊಸತೇನಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ 26 ಕಿಲೋಮೀಟರ್ ಉದ್ದಕ್ಕೂ ಜಾಲಿ, ಹೂಳು, ಕಸ ತೆಗೆಸಿದರು. ತುಂಗಭದ್ರೆ ಸೇರುವ ಒಂದು ಹಳ್ಳವನ್ನು ಊರವರೇ ಹೊಣೆ ಹೊತ್ತು ನೋಡಿಕೊಂಡರೆ ಏನಾಗಬಹುದು ಎಂಬುದನ್ನು ಜಿಲ್ಲೆ ಕಣ್ಣಾರೆ ಕಂಡಿದೆ.

ಮೇಲೆ ಹೂಳಿನ ಹೊರೆ, ಕೆಳಗೆ ಮರಳಿನ ಬರ

ಅಣೆಕಟ್ಟಿನ ಹಿಂದೆ ಕೂತ 27 ಟಿಎಂಸಿ ಮಣ್ಣೆಲ್ಲ ಬರೀ ಕೆಸರಲ್ಲ. ಹೊಳೆ ಜಲಾಶಯಕ್ಕೆ ಬಂದು ವೇಗ ಕಳೆದುಕೊಳ್ಳುವ ಹಿನ್ನೀರಿನ ತುದಿಯಲ್ಲೇ ದಪ್ಪ ಮರಳು ಕೂರುತ್ತದೆ. ನಯವಾದ ಎರೆಮಣ್ಣು ಗೋಡೆಯವರೆಗೆ ತೇಲಿ ಬಂದು ಇಳಿಯುತ್ತದೆ. ಗೇಟಿನಿಂದ ಹೊರಗೆ ಬೀಳುವ ನೀರಿನಲ್ಲಿ ಇವೆರಡೂ ಕಡಿಮೆ. ಭೂವಿಜ್ಞಾನಿಗಳು ಇದನ್ನು ಹಸಿದ ನೀರು ಎನ್ನುತ್ತಾರೆ. ಹೊರೆ ಇಲ್ಲದ ನೀರಿಗೆ ಕಸುವು ಹೆಚ್ಚು. ಅದು ಕೆಳಗಿನ ಪಾತ್ರದ ಮರಳನ್ನು, ದಂಡೆಯ ಮಣ್ಣನ್ನು ಎತ್ತಿಕೊಂಡು ಹೋಗುತ್ತದೆ, ಮೇಲಿನಿಂದ ಹೊಸದು ಬಂದು ತುಂಬುವುದಿಲ್ಲ. ಅದರ ಮೇಲೆ ಮರಳು ದಂಧೆಯೂ ಸೇರಿದರೆ ಉಳಿಯುವುದು ಬರೀ ಬಂಡೆ.

ಈ ಬಂಡೆಗಳು ಸಾಮಾನ್ಯದವಲ್ಲ. ಹುಲಿಗಿಯಿಂದ ಸಾಣಾಪುರ, ಆನೆಗೊಂದಿ, ಹಂಪಿವರೆಗೆ ಹೊಳೆ ಸೀಳಿಕೊಂಡು ಹೋಗುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ನಾಡನ್ನು. ರಾಮನಗರದಿಂದ ಉತ್ತರಕ್ಕೆ ಚಾಚಿದ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯ ಬಡಗಣ ಭಾಗ ಇದು. ನೆಲದಾಳದಲ್ಲಿ ತಣಿದ ಕಲ್ಲು ಮೇಲಿನ ಭಾರ ಕಳಚಿದಂತೆ ಪದರು ಪದರಾಗಿ ಬಿಚ್ಚುತ್ತದೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಗೋರಿ ಕಟ್ಟಿದ ಪ್ರಾಚೀನರು ಹಾಗೆ ಬಿಚ್ಚಿದ ಹಾಸುಬಂಡೆಗಳನ್ನೇ ಎತ್ತಿ ನಿಲ್ಲಿಸಿದರು. ವಿಜಯನಗರದ ಕಾಲದವರು ಹೊಳೆಯ ನಡುವಿನ ಬಂಡೆಗಳನ್ನೇ ಆಸರೆ ಮಾಡಿಕೊಂಡು ತಗ್ಗಿನ ಒಡ್ಡು ಹಾಕಿ ಕಾಲುವೆ ತೆಗೆದರು. ಹುಲಿಗಿಯ ಹೆಸರಿನದೇ ಒಂದು ಕಾಲುವೆ ಆ ಸಾಲಿನಲ್ಲಿದೆ. ಆ ಒಡ್ಡುಗಳ ಮೇಲಿಂದ ಪ್ರವಾಹದ ನೀರೂ ದಾಟುತ್ತಿತ್ತು, ಮರಳೂ ದಾಟುತ್ತಿತ್ತು. ಎತ್ತರದ ಅಣೆಕಟ್ಟು ಹೆಚ್ಚು ನೀರು ಹಿಡಿಯಿತು, ಜೊತೆಗೆ ಮರಳನ್ನೂ ಹಿಡಿಯಿತು.

ಮರಳಿನ ಕೊರತೆ ಮೊದಲು ತಟ್ಟುವುದು ನೀರುನಾಯಿಗೆ. ಕೊಪ್ಪಳ ತಾಲ್ಲೂಕಿನ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಇಲ್ಲಿರುವುದು ನುಣುಪು ಕೂದಲಿನ ನೀರುನಾಯಿ, ಜಗತ್ತಿನಲ್ಲಿ ಅಪಾಯದ ಅಂಚಿಗೆ ಸರಿಯುತ್ತಿರುವ ಜೀವಿಗಳ ಪಟ್ಟಿಯಲ್ಲಿದೆ. ಕುಟುಂಬವಾಗಿ ಬದುಕುತ್ತದೆ, ಗುಂಪು ಕಟ್ಟಿ ಮೀನು ಬೆನ್ನಟ್ಟುತ್ತದೆ, ಬಂಡೆಯ ಸಂದಿಯಲ್ಲಿ ಅಥವಾ ದಂಡೆಯ ಮರಳು ಮಣ್ಣಿನಲ್ಲಿ ಬಿಲ ಮಾಡಿ ಮರಿ ಹಾಕುತ್ತದೆ.

ಅದನ್ನು ಕಣ್ಣಿಂದ ಎಣಿಸುವುದು ಕಷ್ಟ. ಸಂಶೋಧಕರು ನೋಡುವುದು ಅದರ ಹಿಕ್ಕೆಯನ್ನು. ನೀರಿನ ಅಂಚಿನ ಚಪ್ಪಟೆ ಬಂಡೆಯೊಂದನ್ನು ಆರಿಸಿಕೊಂಡು ಇಡೀ ಗುಂಪು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ. ಹಿಕ್ಕೆಯಲ್ಲಿ ಬಿಸಿಲಿಗೆ ಮಿನುಗುವ ಮೀನಿನ ಹುರುಪೆ, ಸೂಜಿಯಂಥ ಮುಳ್ಳು, ಒಮ್ಮೊಮ್ಮೆ ಏಡಿಯ ಚಿಪ್ಪು ಇರುತ್ತವೆ, ದೂರಕ್ಕೇ ಮೀನಿನ ಘಾಟು ಹೊಡೆಯುತ್ತದೆ. ಹುರುಪೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅದು ಯಾವ ಮೀನಿನದೆಂದು ಹೇಳಬಹುದು. ಬಂಡೆಯ ಪಕ್ಕದ ಹಸಿ ಮರಳಿನಲ್ಲಿ ಐದು ಬೆರಳಿನ, ನಡುವೆ ಚರ್ಮ ಹೊಂದಿದ ಹೆಜ್ಜೆ. ಎಲ್ಲಿ ಗುರುತು ಸಿಕ್ಕಿತು, ಎಲ್ಲಿ ತಪ್ಪಿತು ಎಂಬ ಪಟ್ಟಿಯೇ ಹೊಳೆಯ ಆರೋಗ್ಯದ ವರದಿ. ಮೀನಿದ್ದರೆ, ಮಡು ಇದ್ದರೆ, ದಂಡೆ ಉಳಿದಿದ್ದರೆ ಮಾತ್ರ ನೀರುನಾಯಿ ಇರುತ್ತದೆ. ಸಿಡಿಮದ್ದು ಎಸೆದು ಮೀನು ಹಿಡಿದರೆ, ದಂಡೆಯ ಮರಳು ಬಗೆದರೆ, ಒಮ್ಮೆಗೇ ನೀರು ಬಿಟ್ಟು ಬಿಲ ಮುಳುಗಿಸಿದರೆ ಅದು ಜಾಗ ಬಿಡುತ್ತದೆ. ಸ್ನಾನಕ್ಕಿಳಿದ ಭಕ್ತರಿಗೂ ಮರಿಯಿಟ್ಟ ನೀರುನಾಯಿಗೂ ಬೇಕಿರುವುದು ಒಂದೇ: ನೀರು ಒಮ್ಮೆಗೇ ನುಗ್ಗದೆ, ಹಂತ ಹಂತವಾಗಿ ಏರಬೇಕು.

ಗದ್ದೆಯಲ್ಲಿ ಏರುವ ಉಪ್ಪು

ಇದೇ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ಭತ್ತದ ಕಣಜ ಮಾಡಿತು. ಮೂಲ ಯೋಜನೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ನೆಚ್ಚಿತ್ತು. ಕಾಲುವೆಯ ಮೇಲ್ಭಾಗದಲ್ಲಿ ವರ್ಷಕ್ಕೆ ಎರಡು ಬಾರಿ ಭತ್ತ ನಿಂತಿತು. ಎರೆಭೂಮಿಯಲ್ಲಿ ನೀರು ಬೇಗ ಇಂಗಿ ಹೋಗುವುದಿಲ್ಲ. ಅಂತರ್ಜಲ ಬೇರಿನವರೆಗೆ ಏರಿತು, ಬೇಸಿಗೆಯಲ್ಲಿ ನೀರು ಆವಿಯಾಗಿ ಅದರಲ್ಲಿ ಕರಗಿದ್ದ ಲವಣ ಮೇಲೆ ಉಳಿಯಿತು. ಫಲವತ್ತಾದ ಹೊಲದ ಮೇಲೆ ಬಿಳಿ ಪೊರೆ ಕಂಡ ರೈತರು ಅದನ್ನು ಸವುಳು ಎಂದರು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಭೂಮಿಗೆ ಸವುಳು, ಜವುಳು ತಟ್ಟಿದೆ ಎಂಬ ಲೆಕ್ಕವಿದೆ.

ಇದಕ್ಕೆ ಮದ್ದು ಹುಡುಕುತ್ತಿರುವುದು ಗಂಗಾವತಿಯಲ್ಲೇ ಇರುವ ಕೃಷಿ ಸಂಶೋಧನಾ ಕೇಂದ್ರ. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೇಂದ್ರ ಸವುಳು ಮಣ್ಣಿನ ನಿರ್ವಹಣೆಯ ಅಖಿಲ ಭಾರತ ಯೋಜನೆಯ ಭಾಗ. ನೆಲದೊಳಗೆ ಮೀಟರಿನಷ್ಟು ಆಳದಲ್ಲಿ ತೂತುಗಳಿರುವ ಪೈಪು ಹೂತು, ಉಪ್ಪುನೀರು ಬಸಿದು ಹೋಗುವಂತೆ ಮಾಡುವುದು ಅದು ರೈತರ ಹೊಲದಲ್ಲಿ ಮಾಡಿ ತೋರಿಸಿದ ಕ್ರಮಗಳಲ್ಲೊಂದು. ಬಸಿದ ಉಪ್ಪುನೀರು ಕೊನೆಗೆ ಹಳ್ಳ ಹಿಡಿದು ಸೇರುವುದು ಹೊಳೆಯನ್ನೇ. ಗದ್ದೆ ವಾಸಿಯಾಗಬೇಕು, ಹೊಳೆಯೂ ಕೆಡಬಾರದು ಎಂದಾದರೆ ಕಾಲುವೆಯ ಮೇಲ್ಭಾಗದಲ್ಲಿ ನೀರಿನ ಬಳಕೆಯೇ ತಗ್ಗಬೇಕು. ಹಾಗೆ ಉಳಿದ ನೀರು ಕೊನೆಯ ಭಾಗದ ರೈತರಿಗೆ ತಲುಪುತ್ತದೆ ಎಂಬ ಲಾಭವೂ ಅದರಲ್ಲಿದೆ.

ಒಂದೇ ಹೊಳೆಗೆ ಒಂದೇ ಲೆಕ್ಕ

ಹೂಳಿನ ಲೆಕ್ಕ ಎಂಜಿನಿಯರುಗಳ ಬಳಿ ಇದೆ. ಹರಿವಿನ ಲೆಕ್ಕ ಜಲ ಆಯೋಗದಲ್ಲಿ, ನೀರುನಾಯಿಯ ಲೆಕ್ಕ ಅರಣ್ಯ ಇಲಾಖೆಯಲ್ಲಿ, ಉಪ್ಪಿನ ಲೆಕ್ಕ ಕೃಷಿ ವಿಜ್ಞಾನಿಗಳಲ್ಲಿ. ನಾಲ್ಕೂ ಒಂದೇ ಹೊಳೆಯದು. ಒಂದರಲ್ಲಿ ಆದದ್ದು ಇನ್ನೊಂದರಲ್ಲಿ ಕಾಣುತ್ತದೆ. ಜಲಾಶಯದ ಜಾಗ ಕುಗ್ಗಿದಷ್ಟೂ ಅದು ಬೇಗ ತುಂಬುತ್ತದೆ, ಗೇಟು ಬೇಗ ಎತ್ತಬೇಕಾಗುತ್ತದೆ, ದಂಡೆಗೆ ನೆರೆ ಬೇಗ ಬರುತ್ತದೆ. ಹಿಡಿದಿಟ್ಟ ನೀರು ಕಡಿಮೆಯಾದಷ್ಟೂ ಎರಡನೇ ಬೆಳೆಗೆ ಜಗಳ ಹೆಚ್ಚುತ್ತದೆ.

ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. ಹುಲಿಗಿ, ಆನೆಗೊಂದಿ, ಕಂಪ್ಲಿಯ ಘಟ್ಟಗಳಲ್ಲಿ 50 ಸಾವಿರ, ಒಂದು ಲಕ್ಷ, ಒಂದೂವರೆ ಲಕ್ಷ ಕ್ಯೂಸೆಕ್‌ಗೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಬಣ್ಣದ ಗೆರೆ ಬಳಿಯಬೇಕು. ಓದಲು ಬಾರದವರಿಗೂ ಅದು ತಿಳಿಯುತ್ತದೆ. ದಿನದ ಹೊರಹರಿವನ್ನು ಗುಡಿಯ ಧ್ವನಿವರ್ಧಕದಲ್ಲಿ ಹೇಳಬೇಕು. ಹೂಳಿನ ಸಮೀಕ್ಷೆ ಒಂದೇ ವಿಧಾನದಲ್ಲಿ, ಐದು ವರ್ಷಕ್ಕೊಮ್ಮೆ ತಪ್ಪದೆ ನಡೆದು, ಕನ್ನಡದಲ್ಲಿ ಪ್ರಕಟವಾಗಬೇಕು. ಮರಳಿಗೆ ಪರವಾನಗಿ ಕೊಡುವ ಮುಂಚೆ ನೀರುನಾಯಿಯ ಗುರುತಿನ ಪಟ್ಟಿಯನ್ನು ತೆರೆದು ನೋಡಬೇಕು. ವರದೆ, ಕುಮುದ್ವತಿ, ಹಿರೇಹಳ್ಳಗಳ ಸೀಮೆಯಲ್ಲಿ ಬದು, ಗಿಡ, ಹುಲ್ಲು ಎಲ್ಲಿ ಬೇಕೆಂಬುದನ್ನು ಹೂಳಿನ ಅಳತೆಯೇ ತೋರಿಸಿಕೊಡಬೇಕು.

ಇದಕ್ಕೆಲ್ಲ ಹೊಸ ಇಲಾಖೆ ಬೇಡ. ಪ್ರತಿ ಹಂಗಾಮಿಗೆ ಮುಂಚೆ ನೀರಾವರಿ ಸಲಹಾ ಸಮಿತಿ ಸೇರುತ್ತದೆ. ರೈತರೂ ಶಾಸಕರೂ ಅಧಿಕಾರಿಗಳೂ ಎಷ್ಟು ಟಿಎಂಸಿ ಇದೆ, ಯಾವ ಕಾಲುವೆಗೆ ಎಷ್ಟು ದಿನ ಎಂದು ಅಲ್ಲಿ ವಾದಿಸುತ್ತಾರೆ. ಅದೇ ಮೇಜಿನ ಮೇಲೆ ಆ ವರ್ಷದ ಹೂಳು, ಉಪ್ಪು, ಮರಳು, ನೀರುನಾಯಿಯ ಲೆಕ್ಕಗಳೂ ಬರಲಿ. ದಂಡೆಯ ಪಂಚಾಯಿತಿಗಳಿಗೂ ಅಲ್ಲಿ ಕುರ್ಚಿ ಇರಲಿ. ಹೊಸ ಗೇಟುಗಳಿಗೆ ಕೋಟಿಗಟ್ಟಲೆ ಖರ್ಚು ಮಾಡಿ ನಾವು ಕಾಯುವುದು ಹಿಂದೆ ನಿಂತ ನೀರನ್ನು. ಆ ನೀರು ನಿಲ್ಲಲು ಜಾಗ ಎಷ್ಟು ವರ್ಷ ಉಳಿದೀತು, ಅದು ಹರಿದು ಹೋಗುವ ಹೊಳೆ ಎಷ್ಟು ವರ್ಷ ಹೊಳೆಯಾಗಿ ಉಳಿದೀತು ಎಂಬುದನ್ನು ಕೇಳದೆ ನೀರು ಹಂಚುವುದು ಅರ್ಧ ಕೆಲಸ.